ರಾತ್ರಿ ಸ್ನೋಬೋರ್ಡಿಂಗ್‌ಗೆ ಹೊರಟಿದ್ದೀರಾ? ಮೊದಲು ಕುರ್ಚಿ ಹತ್ತಿ ಇಳಿಯೋದು ಕಲಿಯಿರಿ

ಸ್ನೋಬೋರ್ಡ್, ಅಂದರೆ ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಮೇಲೆ ಜಾರೋದು, ಕಲಿಯಬೇಕು ಅಂತ ಮೈಸೂರಿನಿಂದ ಹೊರಡುವವರು ನನ್ನನ್ನು ಕೇಳುವುದೆಲ್ಲ ಇಳಿಜಾರಿನ ಬಗ್ಗೆಯೇ. ಎಷ್ಟು ಕಡಿದಾಗಿರುತ್ತದೆ, ನಿಲ್ಲಿಸೋದು ಹೇಗೆ, ಬಿದ್ದರೆ ಏನಾಗುತ್ತದೆ. ಚೇರ್‌ಲಿಫ್ಟ್, ಅಂದರೆ ಓಡುವ ಹಗ್ಗಕ್ಕೆ ಜೋತು ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಕುರ್ಚಿಗಳ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಮೊದಲು ಹೇಳುವುದು ಮಾತ್ರ ಅದನ್ನೇ. ನಾನು ಕಂಡ ಹಾಗೆ ಹೊಸಬರು ಜಾಸ್ತಿ ಬೀಳುವುದು ಬೆಟ್ಟದ ನಡುವೆ ಅಲ್ಲ, ಮೇಲೆ ಲಿಫ್ಟ್ ಇಳಿಯುವ ಆ ಸಣ್ಣ ದಿಬ್ಬದಲ್ಲಿ. ರಾತ್ರಿ ಹೊತ್ತು ಆ ದಿಬ್ಬ ಹೆಪ್ಪುಗಟ್ಟಿ ಇನ್ನಷ್ಟು ಜಾರುತ್ತದೆ. ಅಲ್ಲಿ ನಾಲ್ಕು ಸಲ ಬಿದ್ದವರಿಗೆ ಇಳಿಜಾರು ನೋಡುವ ಮೊದಲೇ ಧೈರ್ಯ ಹೋಗಿರುತ್ತದೆ.

ನಾನು ಕುವೆಂಪುನಗರದವಳು. ಕೆಲಸದ ಮೇಲೆ ಕೆಲವು ವರ್ಷ ಅಮೆರಿಕದ ಸಿಯಾಟಲ್‌ನಲ್ಲಿದ್ದೆ. ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ 4.20ರ ಹೊತ್ತಿಗೇ ಸೂರ್ಯ ಮುಳುಗಿಬಿಡುತ್ತಾನೆ. ಹಗಲೆಲ್ಲ ಆಫೀಸಿನಲ್ಲಿರುವವರಿಗೆ ವಾರದ ದಿನಗಳಲ್ಲಿ ಉಳಿಯುವುದು ರಾತ್ರಿ ಮಾತ್ರ. ಕೆಲಸ ಮುಗಿಸಿ ಐ-90 ಹೆದ್ದಾರಿ ಹಿಡಿದರೆ ಒಂದು ಗಂಟೆಯಲ್ಲಿ ಸ್ನೋಕ್ವಾಲ್ಮಿ ಪಾಸ್ ಎನ್ನುವ ಬೆಟ್ಟದ ಘಾಟಿ ಸಿಗುತ್ತದೆ. ಇಳಿಜಾರಿನ ಉದ್ದಕ್ಕೂ ದೀಪದ ಕಂಬಗಳು, ಅವುಗಳ ನಡುವೆ ಸದ್ದಿಲ್ಲದೆ ಮೇಲೇರುವ ಕುರ್ಚಿಗಳು. ಆ ಪಾಸ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ನಮ್ಮ ಚಾಮುಂಡಿ ಬೆಟ್ಟ ಸುಮಾರು 1,060 ಮೀಟರ್! ಬೆಟ್ಟಕ್ಕಿಂತ ತಗ್ಗಿನ ಜಾಗದಲ್ಲಿ ಅಷ್ಟೊಂದು ಹಿಮ ಬೀಳೋದು ಯಾಕೆ ಅಂದರೆ, ಅದು 47ನೇ ಅಕ್ಷಾಂಶದಲ್ಲಿದೆ, ನಾವಿರುವುದು 12ರಲ್ಲಿ. ಜೊತೆಗೆ ಪೆಸಿಫಿಕ್ ಸಾಗರದ ತೇವದ ಗಾಳಿ ನೇರ ಬಂದು ಆ ಬೆಟ್ಟಸಾಲಿಗೆ ಬಡಿಯುತ್ತದೆ. ಹಾಗಾಗಿ ಅಲ್ಲಿನ ಹಿಮ ತೇವ, ಭಾರ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಊರಿಗೆ ವಾಪಸ್ ಬಂದಿದ್ದೇನೆ. ಅಕ್ಕನ ಮಗ ಓದಲು ಅಲ್ಲಿಗೇ ಹೊರಟಿದ್ದಾನೆ. ದಿನಾ ಫೋನ್, ದಿನಾ ಪ್ರಶ್ನೆ. ಅವನಿಗೆ ಹೇಳಿದ್ದನ್ನೆಲ್ಲ ಒಟ್ಟಿಗೆ ಬರೆದರೆ ಬೇರೆಯವರಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನೀವು ಹೋಗುವುದು ಜಪಾನಿನ ಹೊಕ್ಕೈಡೋದ ನಿಸೆಕೊಗೆ ಇರಬಹುದು, ಅಮೆರಿಕದ ಕೊಲರಾಡೋಗೆ ಇರಬಹುದು. ರಾತ್ರಿಯ ಕೆಲಸ ಎಲ್ಲ ಕಡೆ ಒಂದೇ. ದುಡ್ಡು ಉಳಿಸಬೇಕು ಅನ್ನುವವರು ಮೊದಲು ಗುಲ್ಮರ್ಗ್‌ಗೆ ಹೋಗಿ ಹಗಲಿನಲ್ಲಿ ಬೋರ್ಡ್ ಮೇಲೆ ನಿಲ್ಲೋದು ಕಲಿತು ಬರಬಹುದು. ಅಲ್ಲಿ ಹೆಸರಾಗಿರುವುದು ಗೊಂಡೊಲಾ, ಅಂದರೆ ಮುಚ್ಚಿದ ಡಬ್ಬಿ. ಅದರಲ್ಲಿ ಬೋರ್ಡ್ ಬಿಚ್ಚಿ ಆರಾಮಾಗಿ ಕೂರಬಹುದು. ಕುರ್ಚಿಯಲ್ಲಿ ಹಾಗಲ್ಲ, ಬೋರ್ಡ್ ಕಾಲಿಗೆ ಕಟ್ಟಿಕೊಂಡೇ ಹತ್ತಬೇಕು.

ಹೊರಡುವ ಮೊದಲು, ಮೈಸೂರಿನಲ್ಲೇ

ಮೊದಲು ನಿಮ್ಮ ಮುಂಗಾಲು ಯಾವುದು ಅಂತ ತಿಳಿದುಕೊಳ್ಳಿ. ಮನೆಯಲ್ಲಿ ನುಣುಪಾದ ರೆಡ್ ಆಕ್ಸೈಡ್ ನೆಲ ಇದ್ದರೆ ಕಾಲುಚೀಲ ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿ, ಅಡ್ಡ ತಿರುಗಿ ಜಾರಿ. ಯೋಚನೆ ಮಾಡದೆ ಯಾವ ಕಾಲು ಮುಂದೆ ಹೋಯಿತೋ ಅದೇ ಮುಂಗಾಲು. ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ. ಎರಡರಲ್ಲಿ ಯಾವುದೂ ಹೆಚ್ಚಲ್ಲ, ಕಡಿಮೆಯಲ್ಲ. ಬಾಡಿಗೆ ಅಂಗಡಿಯವರು ಮೊದಲು ಕೇಳುವುದೇ ಇದನ್ನು.

ಎರಡನೆಯದು ತೊಡೆ. ಬೋರ್ಡ್ ಮೇಲೆ ಮಂಡಿ ಮಡಚಿಕೊಂಡೇ ಇರಬೇಕು, ಅದಕ್ಕೆ ತೊಡೆಯಲ್ಲಿ ಶಕ್ತಿ ಬೇಕು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿಮಗೆ ಬೇಕಾದದ್ದು ಇಳಿಯೋದು. ಇಳಿಯುವಾಗ ತೊಡೆ ಉದ್ದವಾಗುತ್ತಲೇ ಭಾರ ತಡೆಯುತ್ತದೆ. ಹಿಮದ ಮೇಲೂ ಅದೇ ಕೆಲಸ. ಬೆಳಗ್ಗೆ ಬೇಗ ಹತ್ತಿ, ದೇವಿ ದರ್ಶನ ಮಾಡಿ, ಬಸ್ಸು ಹಿಡಿಯದೆ ಕಾಲ್ನಡಿಗೆಯಲ್ಲೇ ಕೆಳಗೆ ಬನ್ನಿ. ಏಳುನೂರನೇ ಮೆಟ್ಟಿಲಿನ ನಂದಿ ದಾಟಿದ ಮೇಲೆ ತೊಡೆ ನಡುಗಲು ಶುರುವಾದರೆ ಇನ್ನೂ ಕೆಲವು ವಾರ ಅಭ್ಯಾಸ ಬೇಕು ಅಂತ ಅರ್ಥ.

ಮೂರನೆಯದು ಉಯ್ಯಾಲೆ. ಹಳೇ ಮನೆಗಳ ಹಜಾರದಲ್ಲಿ ತೂಗುಯ್ಯಾಲೆ ಇರುತ್ತದಲ್ವಾ, ಅದು ಒಳ್ಳೇ ಸಾಧನ. ಮನೆಯವರಿಗೆ ನಿಧಾನ ತೂಗಲು ಹೇಳಿ. ಹಿಂದಿನಿಂದ ಹಲಗೆ ಬರುತ್ತಿರುವಾಗ ಭುಜದ ಮೇಲಿಂದ ತಿರುಗಿ ನೋಡಿ, ಕೈಯಲ್ಲಿ ಸರಪಳಿ ಹಿಡಿದು ಕೂರಿ. ಮುಂದಕ್ಕೆ ಬಂದಾಗ ಎದೆ ಮುಂದೆ ತಂದು, ಮುಂಗಾಲಿನ ಮೇಲೆ ಭಾರ ಹಾಕಿ ಎದ್ದು ಎರಡು ಹೆಜ್ಜೆ ಮುಂದೆ ಸರಿಯಿರಿ. ಹಲಗೆ ವಾಪಸ್ ಬಂದು ತಾಗುವುದರೊಳಗೆ ಅಲ್ಲಿಂದ ದೂರ ಹೋಗಿರಬೇಕು. ಅಕ್ಕನ ಮನೆಯಲ್ಲಿ ಅವನಿಗೆ ಇದನ್ನೇ ಮಾಡಿಸಿದೆ. ಎರಡು ವಾರದಲ್ಲಿ ಅವನ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ಸರಪಳಿ ಹುಡುಕುವ ಹಾಗಾಯಿತು.

ಹಿಮವಿಲ್ಲದೆ ಇಂಥ ಅಭ್ಯಾಸವೆಲ್ಲ ಸುಮ್ನೆ ಆಟ ಅಂದುಕೊಳ್ಳಬೇಡಿ. ಜಗತ್ತಿನ ಮೊದಲ ಚೇರ್‌ಲಿಫ್ಟ್ ಹುಟ್ಟಿದ್ದೇ ಹೀಗೆ. 1936ರಲ್ಲಿ ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿ ಇಡಾಹೋದ ಸನ್ ವ್ಯಾಲಿಯಲ್ಲಿ ರೆಸಾರ್ಟ್ ಕಟ್ಟುತ್ತಿತ್ತು. ಅವರ ಎಂಜಿನಿಯರ್ ಜೇಮ್ಸ್ ಕರನ್ ಅದಕ್ಕೆ ಮೊದಲು ಹಡಗಿಗೆ ಬಾಳೆಗೊನೆ ತುಂಬುವ ಯಂತ್ರದ ಕೆಲಸ ಮಾಡಿದ್ದರು. ಓಡುವ ಹಗ್ಗಕ್ಕೆ ಕೊಕ್ಕೆ, ಕೊಕ್ಕೆಗೆ ಗೊನೆ. ಅವರು ಕೊಕ್ಕೆಯ ಜಾಗದಲ್ಲಿ ಕುರ್ಚಿ ಇಟ್ಟರು, ಗೊನೆಯ ಜಾಗದಲ್ಲಿ ಮನುಷ್ಯ ಕೂತ. ಎಷ್ಟು ವೇಗದಲ್ಲಿ ಬಂದರೆ ಜನ ಕೂರಬಲ್ಲರು ಅಂತ ನೋಡಲು ಬೇಸಿಗೆಯಲ್ಲಿ, ಒಮಾಹಾ ಊರಿನಲ್ಲಿ, ಟ್ರಕ್ಕಿನ ಪಕ್ಕಕ್ಕೆ ಕುರ್ಚಿ ಕಟ್ಟಿ ರೋಲರ್ ಸ್ಕೇಟ್ ಹಾಕಿಕೊಂಡವರನ್ನು ಕೂರಿಸಿ ಎತ್ತಿದರು. ಆ ಡಿಸೆಂಬರ್‌ನಲ್ಲಿ ಲಿಫ್ಟ್ ಓಡಿತು. ನಂಜನಗೂಡು ರಸಬಾಳೆ ತಿನ್ನುವಾಗಲೆಲ್ಲ ನನಗೆ ಈ ಎಂಜಿನಿಯರ್ ನೆನಪಾಗುತ್ತಾರೆ.

ಬಟ್ಟೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗಿರಬಾರದು. ಹತ್ತಿ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ಕುರ್ಚಿಯಲ್ಲಿ ಕೂತಾಗ ಅದೇ ಮೈ ಕೊರೆಯುತ್ತದೆ. ಒಳಗೆ ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್, ನಡುವೆ ಒಂದು ಫ್ಲೀಸ್ ಅಥವಾ ಸ್ವೆಟರ್, ಹೊರಗೆ ನೀರು ಇಳಿಯದ ಜಾಕೆಟ್ಟು, ಪ್ಯಾಂಟು. ಕಾಲುಚೀಲ ಒಂದೇ ಜೊತೆ. ಚಳಿ ಅಂತ ಎರಡು ಹಾಕಿದರೆ ಬೂಟು ಬಿಗಿಯಾಗಿ ರಕ್ತ ಓಡದೆ ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಬೋರ್ಡ್, ಬೂಟು, ಹೆಲ್ಮೆಟ್ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಇಲ್ಲಿಂದ ಒಯ್ಯಬೇಕಾದದ್ದು ಮಣಿಕಟ್ಟಿಗೆ ಹಾಕುವ ಗಾರ್ಡ್. ಹೊಸಬರಿಗೆ ಜಾಸ್ತಿ ಪೆಟ್ಟಾಗುವುದು ಮಣಿಕಟ್ಟಿಗೇ. ಬೀಳುವಾಗ ಅಂಗೈ ಊರಬಾರದು, ಮುಷ್ಟಿ ಕಟ್ಟಿ ಮುಂಗೈ ಮೇಲೆ ಬೀಳಬೇಕು. ಹಿಂದಕ್ಕೆ ಬಿದ್ದರೆ ಗಲ್ಲ ಎದೆಗೆ ತಾಗಿಸಿ ಕುಂಡಿ ಮೇಲೆ ಕೂತುಬಿಡಬೇಕು. ಟ್ರಾವೆಲ್ ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಹಿಮದ ಆಟಗಳು ಸೇರಿವೆಯಾ ಅಂತ ಓದಿ ನೋಡಿ. ಹಲವು ಪಾಲಿಸಿಗಳಲ್ಲಿ ಅದಕ್ಕೆ ಬೇರೆ ದುಡ್ಡು ಕಟ್ಟಬೇಕು. ಅಮೆರಿಕದಲ್ಲಿ ಕೈ ಮುರಿದರೆ ಆಸ್ಪತ್ರೆ ಬಿಲ್ಲು ಸಣ್ಣದಲ್ಲ.

ಬಾಡಿಗೆ ಅಂಗಡಿಯಲ್ಲಿ ಬೂಟು ಹಾಕಿ ಎದ್ದು ನಿಂತಾಗ ಬೆರಳ ತುದಿ ಮುಂದೆ ಸ್ವಲ್ಪ ತಾಗಬೇಕು, ಮಂಡಿ ಮಡಚಿದರೆ ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಲೇ ಬಾರದು. ಬೋರ್ಡಿನ ಲೋಹದ ಅಂಚಿನ ಮೇಲೆ ಉಗುರು ಅಡ್ಡ ಎಳೆದು ನೋಡಿ. ಉಗುರಿನ ಪುಡಿ ಸ್ವಲ್ಪ ಬಂದರೆ ಅಂಚು ಚೂಪಾಗಿದೆ. ಬರಲಿಲ್ಲ ಅಂದರೆ ಸಂಕೋಚ ಬೇಡ, ಬೇರೆ ಬೋರ್ಡ್ ಕೇಳಿ. ರಾತ್ರಿಗೆ ಮೊಂಡು ಅಂಚು ನಡೆಯುವುದಿಲ್ಲ.

ಕುರ್ಚಿ

ಮೊದಲ ಪಾಠ ಹಗಲಿನಲ್ಲೇ, ಮೇಷ್ಟ್ರ ಹತ್ತಿರ ಕಲಿಯಿರಿ. ಹಿಮ್ಮಡಿಯ ಅಂಚಿನಲ್ಲಿ ಜಾರೋದು, ಕಾಲ್ಬೆರಳಿನ ಅಂಚಿನಲ್ಲಿ ಜಾರೋದು, ಎರಡರಲ್ಲೂ ನಿಲ್ಲಿಸೋದು. ಇಷ್ಟು ಬಂದ ಮೇಲೆ ರಾತ್ರಿಗೆ ಕಾಲಿಡಿ. ಅದೇ ಪಾಠದಲ್ಲಿ ಒಂಟಿ ಕಾಲಿನ ಓಟವನ್ನು ಮೇಷ್ಟ್ರಿಗೆ ಬೇಜಾರಾಗುವಷ್ಟು ಸಲ ಕೇಳಿ ಮಾಡಿ. ಮುಂಗಾಲು ಬೋರ್ಡಿನ ಪಟ್ಟಿಗಳ ಹಿಡಿಕೆಯಲ್ಲಿ, ಅಂದರೆ ಬೈಂಡಿಂಗ್‌ನಲ್ಲಿ ಬಿಗಿದಿರುತ್ತದೆ, ಹಿಂಗಾಲು ಬಿಚ್ಚಿರುತ್ತದೆ. ಹಿಂಗಾಲಿನಿಂದ ನೆಲ ತಳ್ಳಿ, ಆಮೇಲೆ ಆ ಕಾಲನ್ನು ಬೋರ್ಡಿನ ಮೇಲೆ ಎರಡು ಬೈಂಡಿಂಗ್‌ಗಳ ನಡುವೆ ಇಟ್ಟು ನೇರ ಜಾರಬೇಕು. ಲಿಫ್ಟ್ ಹತ್ತುವುದೂ ಇಳಿಯುವುದೂ ಈ ಒಂದು ಕೆಲಸದ ಮೇಲೆ ನಿಂತಿದೆ.

ಲಿಫ್ಟ್‌ನಲ್ಲಿ ಎರಡು ಜಾತಿ. ಹಳೆಯದರಲ್ಲಿ ಕುರ್ಚಿ ಉಕ್ಕಿನ ಹಗ್ಗವನ್ನು ಬಿಡುವುದೇ ಇಲ್ಲ. ಸೆಕೆಂಡಿಗೆ ಎರಡು, ಎರಡೂವರೆ ಮೀಟರ್ ವೇಗದಲ್ಲಿ ಬರುತ್ತದೆ, ನಿಮಗಾಗಿ ನಿಧಾನ ಆಗುವುದಿಲ್ಲ. ಹೊಸದರಲ್ಲಿ ಕುರ್ಚಿಯ ಹಿಡಿಕೆ ನಿಲ್ದಾಣದ ಒಳಗೆ ಹಗ್ಗವನ್ನು ಬಿಡುತ್ತದೆ. ಹೊರಗೆ ಸೆಕೆಂಡಿಗೆ ಐದು ಮೀಟರ್ ಓಡುವ ಕುರ್ಚಿ ನಿಮ್ಮ ಹತ್ತಿರ ಬರುವಾಗ ಸುಮಾರು ಒಂದು ಮೀಟರ್‌ಗೆ ಇಳಿದಿರುತ್ತದೆ. ನೋಡಲು ಭಯಂಕರವಾಗಿ ಓಡುವ ಲಿಫ್ಟೇ ಹತ್ತಲು ಸುಲಭ. ಹೊಸಬರು ಆಯ್ಕೆ ಇದ್ದರೆ ಅದನ್ನೇ ಆರಿಸಿಕೊಳ್ಳಿ.

ಸಾಲಿನಲ್ಲಿ ನಿಂತಾಗಲೇ ಜಾಕೆಟ್ಟಿನ ದಾರ, ಬ್ಯಾಗಿನ ಪಟ್ಟಿ ಯಾವುದೂ ಜೋತಾಡದ ಹಾಗೆ ಒಳಗೆ ಸೇರಿಸಿ. ಬ್ಯಾಗನ್ನು ಬೆನ್ನಿನಿಂದ ಎದೆಗೆ ತನ್ನಿ. ಗೇಟಿನ ಹತ್ತಿರ ಬಂದಾಗ ಲಿಫ್ಟ್ ನೋಡಿಕೊಳ್ಳುವವರಿಗೆ ಮೊದಲ ಸಲ ಅಂತ ಹೇಳಿಬಿಡಿ, ಬಹಳ ಸಲ ಅವರೇ ನಿಧಾನ ಮಾಡುತ್ತಾರೆ. ಮುಂದಿನವರ ಕುರ್ಚಿ ನಿಮ್ಮನ್ನು ದಾಟಿದ ತಕ್ಷಣ ಹೊರಡಿ. ತಡ ಮಾಡಿದರೆ ಗಡಿಬಿಡಿ. ಹತ್ತುವ ಗೆರೆಯ ಮೇಲೆ ಬೋರ್ಡಿನ ಮೂತಿ ನೇರ ಮುಂದಕ್ಕೆ ಇಟ್ಟು ನಿಲ್ಲಿ. ಅಡ್ಡ ಇದ್ದರೆ ಪಕ್ಕದವರ ಬೋರ್ಡಿಗೆ ಸಿಕ್ಕಿಕೊಳ್ಳುತ್ತದೆ. ಹೊರಬದಿಯ ಭುಜದ ಮೇಲಿಂದ ತಿರುಗಿ ನೋಡಿ. ಕುರ್ಚಿ ಬರುತ್ತಿದೆ, ಕೈ ಹಿಂದೆ ಚಾಚಿ, ಸೀಟಿನ ಅಂಚು ಕೈಗೆ ಸಿಗಲಿ, ಅದು ಮಂಡಿಯ ಹಿಂದೆ ತಾಗುವಾಗ ಕೂರಿ, ಬೆನ್ನು ಹಿಂದಕ್ಕೆ ಆನಿಸಿ, ಬೋರ್ಡಿನ ಮೂತಿ ಸ್ವಲ್ಪ ಮೇಲೆತ್ತಿ. ಪಕ್ಕದವರಿಗೆ ಹೇಳಿ ತಲೆಯ ಮೇಲಿನ ಸರಳನ್ನು ಕೆಳಗೆ ಎಳೆದುಕೊಳ್ಳಿ. ಹೇಳದೆ ಎಳೆದರೆ ಪಕ್ಕದವರ ಹೆಲ್ಮೆಟ್‌ಗೆ ಬಡಿಯುತ್ತದೆ.

“ಚಿಕ್ಕಮ್ಮ, ಕೂರುವಾಗಲೇ ಬಿದ್ದುಬಿಟ್ರೆ?” ಅಂತ ಅಕ್ಕನ ಮಗ ಕೇಳಿದ.

“ಬಿದ್ದಲ್ಲೇ ಮಲಗಿಬಿಡು ಕಣೋ. ತಲೆ ಎತ್ತಬೇಡ.”

ಕುರ್ಚಿ ನಿಮ್ಮ ಮೇಲಿಂದ ಹೋಗುತ್ತದೆ, ಅಲ್ಲಿರುವವರು ಲಿಫ್ಟ್ ನಿಲ್ಲಿಸುತ್ತಾರೆ. ಎದ್ದು ನಿಲ್ಲಲು ಹೋದವರಿಗೇ ತಲೆಗೆ ಪೆಟ್ಟು. ಅರ್ಧಂಬರ್ಧ ಕೂತು ಕುರ್ಚಿ ನೆಲ ಬಿಟ್ಟು ಮೇಲೇಳುತ್ತಿದ್ದರೆ ಜೋರಾಗಿ ಕೂಗಿ, ಪಕ್ಕದವರು ಜಾಕೆಟ್ಟು ಹಿಡಿದುಕೊಳ್ಳಲಿ.

ಮೇಲೆ ಹೋಗುವಾಗ ಬೋರ್ಡಿನ ಭಾರವೆಲ್ಲ ಒಂದೇ ಮಂಡಿಯಿಂದ ಜೋತುಬೀಳುತ್ತದೆ. ಸರಳಿನಲ್ಲಿ ಕಾಲಿಡುವ ಜಾಗ ಇದ್ದರೆ ಅಲ್ಲಿಡಿ. ಇಲ್ಲದಿದ್ದರೆ ಬಿಚ್ಚಿದ ಕಾಲಿನ ಬೂಟನ್ನು ಬೋರ್ಡಿನ ಅಡಿಗೆ ಕೊಟ್ಟು ಎತ್ತಿ ಹಿಡಿಯಿರಿ, ಮಂಡಿ ನೋವು ಬರುವುದಿಲ್ಲ. ಗ್ಲೌಸು ಬಿದ್ದರೆ ಬೀಳಲಿ, ಬಗ್ಗಬೇಡಿ. ನಡುವೆ ಲಿಫ್ಟ್ ನಿಂತರೆ ಹೆದರಬೇಡಿ, ಕೆಳಗೆ ಯಾರೋ ಬಿದ್ದಿರುತ್ತಾರೆ ಅಷ್ಟೆ. ತುಂಬ ಹೊತ್ತು ನಿಂತರೂ ಜಿಗಿಯುವ ಯೋಚನೆ ಬೇಡ. ಕರೆಂಟು ಹೋದರೆ ಓಡಿಸಲು ಬೇರೆ ಎಂಜಿನ್ ಇರುತ್ತದೆ. ಅದೂ ಆಗದಿದ್ದರೆ ಪ್ಯಾಟ್ರೋಲ್‌ನವರು, ಅಂದರೆ ಬೆಟ್ಟ ಕಾಯುವ ಸ್ಕೀ ಪ್ಯಾಟ್ರೋಲ್ ತಂಡ, ಬಂದು ಹಗ್ಗ ಕಟ್ಟಿ ಇಳಿಸುತ್ತದೆ.

ಇನ್ನು ಇಳಿಯೋದು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ‘ಸರಳು ಎತ್ತಿ’ ಎನ್ನುವ ಫಲಕ ಕಂಡಾಗ ಎತ್ತಿ. ಸೀಟಿನ ತುದಿಗೆ ಸರಿದು, ಸೊಂಟ ಸ್ವಲ್ಪ ತಿರುಗಿಸಿ, ಬೋರ್ಡಿನ ಮೂತಿ ನೇರ ಮುಂದೆ ಬರುವ ಹಾಗೆ ಮಾಡಿ. ಮೂತಿ ಮೇಲಿರಲಿ, ಇಲ್ಲದಿದ್ದರೆ ದಿಬ್ಬದ ಅಂಚಿಗೆ ಚುಚ್ಚಿಕೊಳ್ಳುತ್ತದೆ. ಬೋರ್ಡು ಹಿಮಕ್ಕೆ ತಾಗಿತು, ಇನ್ನೂ ಕೂತೇ ಇರಿ. ಇಳಿಯುವ ಗೆರೆ ಬಂತು, ಈಗ ಹಿಂಗಾಲನ್ನು ಬೋರ್ಡಿನ ಮೇಲೆ, ಹಿಂದಿನ ಬೈಂಡಿಂಗ್‌ಗೆ ಒತ್ತಿ ಇಡಿ. ಎದ್ದು ನಿಲ್ಲಿ. ಭಾರ ಮುಂಗಾಲಿನ ಮೇಲೆ, ಮಂಡಿ ಮಡಚಿ, ಕಣ್ಣು ದೂರದಲ್ಲಿ. ಕಾಲು ನೋಡಿದರೆ ಬಿದ್ದಿರಿ. ಹೆದರಿ ಹಿಂದೆ ವಾಲಿದರೂ ಬಿದ್ದಿರಿ, ಹಿಂಗಾಲನ್ನು ನೆಲಕ್ಕೆ ಉಜ್ಜಿ ಬ್ರೇಕ್ ಹಾಕಲು ಹೋದರೆ ಪಕ್ಕಕ್ಕೆ ತಿರುಗಿ ಜೊತೆಯವರನ್ನೂ ಬೀಳಿಸುತ್ತೀರಿ. ಸುಮ್ನೆ ನೇರ ಹೋಗಿ. ದಿಬ್ಬ ತಾನಾಗಿಯೇ ಸಮತಟ್ಟಾಗಿ ಬೋರ್ಡು ನಿಲ್ಲುತ್ತದೆ. ಮೊದಲ ಕೆಲವು ಸಲ ನಾಲ್ಕು ಜನರ ಕುರ್ಚಿಯಲ್ಲಿ ಇಬ್ಬರೇ ಕೂರಿ, ನಡುವೆ ಜಾಗ ಬಿಡಿ. ಇಳಿದ ಮೇಲೆ ಬಿದ್ದರೂ ಅಲ್ಲೇ ಕೂತಿರಬೇಡಿ, ತೆವಳಿಕೊಂಡಾದರೂ ಪಕ್ಕಕ್ಕೆ ಬನ್ನಿ. ಹಿಂದಿನ ಕುರ್ಚಿ ಬರುತ್ತಲೇ ಇರುತ್ತದೆ.

ದೀಪ, ಮಂಜುಗಡ್ಡೆ, ಚಳಿ

ಪಕ್ಕಕ್ಕೆ ಬಂದು ಹಿಂಗಾಲು ಕಟ್ಟಿಕೊಳ್ಳುವ ಕೆಲಸ ಹಗಲಿನಲ್ಲಿ ಅರ್ಧ ನಿಮಿಷ. ರಾತ್ರಿ ಹಾಗಲ್ಲ. ಬೂಟಿನ ಅಡಿಗೆ ಮೆತ್ತಿದ ಹಿಮ ಕುರ್ಚಿಯಲ್ಲಿ ಕೂತಷ್ಟು ಹೊತ್ತಿನಲ್ಲಿ ಗಡ್ಡೆಯಾಗಿರುತ್ತದೆ. ಅದರ ಮೇಲೇ ಪಟ್ಟಿ ಬಿಗಿದರೆ ಮೊದಲ ತಿರುವಿನಲ್ಲಿ ಗಡ್ಡೆ ಒಡೆದು ಬೂಟು ಸಡಿಲವಾಗುತ್ತದೆ. ಬೂಟನ್ನು ಬೈಂಡಿಂಗ್‌ನ ಅಂಚಿಗೆ ನಾಲ್ಕು ಸಲ ಉಜ್ಜಿ. ಪಟ್ಟಿಯ ಹಲ್ಲುಗಳ ನಡುವೆ ಸೇರಿದ ಹಿಮವನ್ನು ಗ್ಲೌಸಿನ ಹೆಬ್ಬೆರಳಿನಿಂದ ತೀಡಿ ತೆಗೆಯಿರಿ. ಗ್ಲೌಸು ಕಳಚಬೇಡಿ. ಹಲ್ಲು ಟಕ್ ಟಕ್ ಅಂತ ಸದ್ದು ಮಾಡುತ್ತಾ ಏರಬೇಕು. ಸದ್ದಿಲ್ಲದೆ ಏರಿದರೆ ಹಿಡಿದಿಲ್ಲ ಅಂತಲೇ ಲೆಕ್ಕ, ಬಿಚ್ಚಿ ಮತ್ತೆ ಕಟ್ಟಿ.

ದೀಪದ ಬಗ್ಗೆ ಜನರಿಗೆ ಸುಮ್ಮನೆ ಭಯ. ಮೋಡ ಕವಿದ ಹಗಲಿಗಿಂತ ದೀಪದ ರಾತ್ರಿಯೇ ನನಗೆ ಇಷ್ಟ. ಮೋಡದ ಬೆಳಕು ಎಲ್ಲ ಕಡೆಯಿಂದ ಒಂದೇ ಸಮ ಬಂದು ನೆರಳೇ ಇಲ್ಲದಂತೆ ಮಾಡುತ್ತದೆ. ಉಬ್ಬು ಯಾವುದು, ತಗ್ಗು ಯಾವುದು ಗೊತ್ತಾಗುವುದಿಲ್ಲ. ಕಂಬದ ದೀಪ ಪಕ್ಕದಿಂದ ಬೀಳುವುದರಿಂದ ಒಂದೊಂದು ಉಬ್ಬಿಗೂ ನೆರಳು ಮೂಡುತ್ತದೆ. ಕಷ್ಟ ಇರುವುದು ಎರಡು ಕಂಬಗಳ ನಡುವಿನ ಮಬ್ಬಿನಲ್ಲಿ. ಬೆಳಕಿನಿಂದ ಮಬ್ಬಿಗೆ ಹೋದಾಗ ಕಣ್ಣಿಗೆ ಹೊಂದಿಕೊಳ್ಳಲು ಸಮಯ ಬೇಕು. ಮಬ್ಬಿನ ಒಳಗೆ ಬ್ರೇಕ್ ಹಾಕಬೇಡಿ, ಅದು ಬರುವ ಮೊದಲೇ ನಿಧಾನ ಮಾಡಿ. ದೀಪವನ್ನೇ ದಿಟ್ಟಿಸಿ ನೋಡಬೇಡಿ.

ಗಾಗಲ್ಸ್ ಬೇಕೇ ಬೇಕು, ಆದರೆ ಬಿಸಿಲಿನ ಕಪ್ಪು ಗಾಜು ರಾತ್ರಿಗಲ್ಲ. ಗಾಜಿನ ಮೇಲೆ ಎಸ್0 ಅಥವಾ ಎಸ್1 ಅಂತ ಇರಲಿ. ಎಸ್0 ಎಂದರೆ ಶೇ. 80ಕ್ಕಿಂತ ಜಾಸ್ತಿ ಬೆಳಕನ್ನು ಒಳಗೆ ಬಿಡುತ್ತದೆ, ಎಸ್1 ಶೇ. 43ರಿಂದ 80. ಬಣ್ಣವಿಲ್ಲದ್ದು, ತಿಳಿ ಹಳದಿ, ಗುಲಾಬಿ ಯಾವುದಾದರೂ ಸರಿ. ಕುರ್ಚಿಯಲ್ಲಿ ಅದನ್ನು ಬೆವರಿದ ಹಣೆಗೆ ಏರಿಸಿದರೆ ಒಳಗೆ ಆವಿ ಕಟ್ಟುತ್ತದೆ. ಒಳಗಿನ ಗಾಜನ್ನು ಗ್ಲೌಸಿನಿಂದ ಉಜ್ಜಿದರೆ ಅದರ ಲೇಪ ಹಾಳಾಗುತ್ತದೆ.

ಗಡ್ಡೆಯೇ ನಿಜವಾದ ಸವಾಲು. ಆಗಲೇ ಹೇಳಿದೆನಲ್ಲ, ಸ್ನೋಕ್ವಾಲ್ಮಿಯಂಥ ಕಡೆ ಹಿಮ ತೇವವಾಗಿರುತ್ತದೆ. ಹಗಲು ಸೊನ್ನೆಗಿಂತ ಸ್ವಲ್ಪ ಮೇಲೆ ಬಂದು ಮೆತ್ತಗಾದ ಹಿಮವನ್ನು ಸಾವಿರಾರು ಜನ ತುಳಿದು ಒತ್ತಿರುತ್ತಾರೆ. ಕತ್ತಲಾಗಿ ಚಳಿ ಏರಿದಾಗ ಅದೇ ಹೆಪ್ಪುಗಟ್ಟುತ್ತದೆ. ದೀಪದಡಿ ಎಣ್ಣೆ ಸವರಿದ ಕಲ್ಲಿನ ಹಾಗೆ ಹೊಳೆಯುವ ಜಾಗ ಕಂಡರೆ ಅದು ಗಡ್ಡೆ. ಕಿವಿಗೂ ಗೊತ್ತಾಗುತ್ತದೆ. ಒಳ್ಳೇ ಹಿಮದ ಮೇಲೆ ಬೋರ್ಡು ಮೆತ್ತಗೆ ಸುಯ್ ಅನ್ನುತ್ತದೆ, ಗಡ್ಡೆ ಮೇಲೆ ಕರಕರ ಅಂತ ಕೆರೆಯುತ್ತದೆ. ಸದ್ದು ಬದಲಾದ ಕೂಡಲೇ ಅಂಚನ್ನು ಜೋರಾಗಿ ಒತ್ತಬೇಡಿ. ಮಂಡಿ ಇನ್ನಷ್ಟು ಮಡಚಿ, ಮೈ ಬೋರ್ಡಿನ ನಡುವೆ ಇಟ್ಟು, ತಿರುಗಲು ಹೋಗದೆ ಆ ತುಂಡನ್ನು ದಾಟಿಬಿಡಿ. ಜನ ಕೆರೆದು ತಳ್ಳಿದ ಸಡಿಲ ಹಿಮ ದಾರಿಯ ಎರಡೂ ಬದಿಗೆ ಗುಡ್ಡೆ ಬಿದ್ದಿರುತ್ತದೆ. ತಿರುವು, ನಿಲುಗಡೆ ಎಲ್ಲ ಅದರ ಮೇಲೆ ಇಟ್ಟುಕೊಳ್ಳಿ.

ಚಳಿಯ ಲೆಕ್ಕವನ್ನೂ ಕುರ್ಚಿಯಿಂದಲೇ ಶುರು ಮಾಡಬೇಕು. ಇಳಿಯುವಾಗ ಮೈ ಬಿಸಿಯಾಗಿರುತ್ತದೆ, ಹೆಪ್ಪುಗಟ್ಟಿಸುವುದು ಮೇಲೆ ಹೋಗುವ ಪಯಣ. ಸೆಕೆಂಡಿಗೆ ಐದು ಮೀಟರ್ ಅಂದರೆ ಗಂಟೆಗೆ 18 ಕಿಲೋಮೀಟರ್. ಎಲೆ ಅಲುಗದ ರಾತ್ರಿಯಲ್ಲೂ ಕುರ್ಚಿಯೇ ಅಷ್ಟು ಗಾಳಿಯನ್ನು ಮುಖಕ್ಕೆ ತರುತ್ತದೆ. ಥರ್ಮಾಮೀಟರ್ ಮೈನಸ್ 5 ತೋರಿಸಿದರೆ ಚರ್ಮಕ್ಕೆ ತಾಗುವುದು ಮೈನಸ್ 11ರಷ್ಟು. ಡಿಸೆಂಬರ್‌ನಲ್ಲಿ 16 ಡಿಗ್ರಿಗೇ ಟೋಪಿ ಹಾಕುವ ಊರಿನವರು ನಾವು! ಕುತ್ತಿಗೆಯಿಂದ ಮೂಗಿನವರೆಗೆ ಮುಚ್ಚುವ ಬಟ್ಟೆ ಇರಲಿ. ಜೊತೆಗಾರರ ಕೆನ್ನೆ, ಮೂಗಿನ ತುದಿ ಆಗಾಗ ನೋಡಿ. ಬಿಳಿಚಿಕೊಂಡ ಕಲೆ ಕಂಡರೆ, ಅಲ್ಲಿ ಮುಟ್ಟಿದ್ದು ಗೊತ್ತಾಗುತ್ತಿಲ್ಲ ಅಂದರೆ, ತಕ್ಷಣ ಒಳಗೆ ಕರೆದುಕೊಂಡು ಹೋಗಿ. ಉಜ್ಜಬೇಡಿ. ಫೋನ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಕಣ್ಣೆದುರೇ ಸತ್ತುಹೋಗುತ್ತದೆ. ಬಾಯಾಡಲು ಹುರಿದ ಕಡಲೆಕಾಯಿ, ಖರ್ಜೂರ ಒಳ್ಳೇದು. ಮೈಸೂರುಪಾಕಿನ ತುಪ್ಪ ಗಟ್ಟಿಯಾಗಿ ಹಲ್ಲಿಗೆ ಬಗ್ಗುವುದಿಲ್ಲ, ಅದನ್ನು ರೂಮಿಗೆ ಬಂದ ಮೇಲೆ ತಿನ್ನಿ.

ದಾರಿಯಲ್ಲಿ ಕೆಳಗಿರುವವರಿಗೆ ಮೊದಲ ಹಕ್ಕು. ಮೇಲಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು. ಉಬ್ಬಿನ ಆಚೆ, ತಿರುವಿನ ಮರೆಯಲ್ಲಿ, ಎರಡು ದೀಪಗಳ ನಡುವಿನ ಮಬ್ಬಿನಲ್ಲಿ ಕೂರಬೇಡಿ. ಕೂರುವುದಾದರೆ ಕಂಬದ ಬೆಳಕಿನಲ್ಲಿ, ಬದಿಗೆ ಕೂರಿ. ಹಗ್ಗ ಕಟ್ಟಿ ಮುಚ್ಚಿದ ದಾರಿಗೆ, ದೀಪವಿಲ್ಲದ ಮರಗಳ ನಡುವೆ ಕಾಲಿಡಲೇ ಬೇಡಿ. ಮರದ ಬುಡದ ಸುತ್ತ ಹಿಮ ಪೊಳ್ಳಾಗಿರುತ್ತದೆ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಮೇಲೆ ಬರಲಾಗುವುದಿಲ್ಲ, ರಾತ್ರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇದೊಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಲಿಫ್ಟ್ ನಿಲ್ಲುವ ಸಮಯ ಟಿಕೆಟ್ ಕೌಂಟರಿನಲ್ಲೇ ಕೇಳಿಕೊಳ್ಳಿ. ಆಮೇಲೆ ಪ್ಯಾಟ್ರೋಲ್‌ನವರು ಮೇಲಿನಿಂದ ಎಲ್ಲರನ್ನೂ ಕೆಳಗೆ ಕಳಿಸುತ್ತಾ ಬರುತ್ತಾರೆ. ಕೊನೆಯ ಕುರ್ಚಿಗೆ ಓಡಬೇಡಿ. ಹೊಸಬರಿಗೆ ನನ್ನ ಲೆಕ್ಕ ಬೇರೆ. ಮೇಲೆ ಇಳಿಯುವಾಗ ಎದ್ದು ನಿಲ್ಲಲು ಕೈಯಿಂದ ಸೀಟನ್ನು ತಳ್ಳಬೇಕಾಗಿ ಬಂತೆಂದರೆ ತೊಡೆ ಸೋತಿದೆ. ಆ ಓಟವೇ ಅವತ್ತಿನ ಕೊನೆಯದು, ಗಂಟೆ ಎಷ್ಟೇ ಆಗಿರಲಿ. ವಾಪಸ್ ಬರುವಾಗ ಹಿಮದ ರಸ್ತೆಯಲ್ಲಿ ಓಡಿಸಿ ಗೊತ್ತಿರುವವರೇ ಕಾರು ಓಡಿಸಲಿ, ಟೈರಿಗೆ ಹಾಕುವ ಚೈನು ಡಿಕ್ಕಿಯಲ್ಲಿರಲಿ. ರೂಮಿಗೆ ಬಂದ ಕೂಡಲೇ ಬೂಟಿನ ಒಳಪದರ ಹೊರಗೆಳೆದು ಒಣಗಲು ಇಡಿ, ಗ್ಲೌಸನ್ನು ಬೆರಳು ಮೇಲಾಗಿ ನಿಲ್ಲಿಸಿ. ಬೋರ್ಡು ಸ್ವಂತದ್ದಾದರೆ ಲೋಹದ ಅಂಚನ್ನು ಒಣಬಟ್ಟೆಯಲ್ಲಿ ಒರೆಸಿಯೇ ಮಲಗಿ. ಒದ್ದೆಯಾಗಿ ಚೀಲದಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಮಾರನೇ ರಾತ್ರಿ ಗಡ್ಡೆಯ ಮೇಲೆ ಆ ಅಂಚು ಕಚ್ಚುವುದಿಲ್ಲ.